ತಾಮ್ರದ ಅದಿರಿನಲ್ಲಿ ಕೋಬಾಲ್ಟ್ ಇದೆಯಂತೆ: ಹಣ ಹೂಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿಯಿಂದಾಗಿ ಕೋಬಾಲ್ಟ್ ಎಂಬ ಲೋಹದ ಹೆಸರು ಈಗ ಎಲ್ಲರಿಗೂ ಪರಿಚಿತ. ತಾಮ್ರ ಹುಡುಕುವ ಯಾವುದಾದರೂ ಸಣ್ಣ ಕಂಪನಿ ‘ನಮ್ಮ ಅದಿರಿನಲ್ಲಿ ಕೋಬಾಲ್ಟ್ ಕೂಡ ಇದೆ’ ಎಂದರೆ ಸಾಕು, ಆ ಷೇರಿನ ಸುದ್ದಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡತೊಡಗುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಶೇಂಗಾ ಮಾರಿದ ಹಣವನ್ನೋ ಸಂಬಳದ ಉಳಿತಾಯವನ್ನೋ ಮೊಬೈಲ್‌ನಲ್ಲೇ ಷೇರುಪೇಟೆಗೆ ಹಾಕುವವರು ಈಗ ಕಡಿಮೆಯೇನಿಲ್ಲ. ಹಾಗಾಗಿ ‘ಕೋಬಾಲ್ಟ್ ಇದೆ’ ಎಂಬ ಮಾತಿಗೆ ನಿಜವಾಗಿ ಎಷ್ಟು ಬೆಲೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ತಾಮ್ರದ ಜೊತೆ ಕೋಬಾಲ್ಟ್ ಏಕೆ?

ಕೋಬಾಲ್ಟ್‌ಗೆಂದೇ ತೋಡಿದ ಗಣಿಗಳು ಜಗತ್ತಿನಲ್ಲಿ ಬಹಳ ಅಪರೂಪ. ಮೊರಾಕ್ಕೊ ದೇಶದ ಬೂ ಅಜ್ಜೆರ್ ಅಂಥದ್ದೊಂದು. ಉಳಿದಂತೆ ಹೆಚ್ಚಿನ ಕೋಬಾಲ್ಟ್ ತಾಮ್ರ ಅಥವಾ ನಿಕ್ಕಲ್ ತೆಗೆಯುವಾಗ ಉಪಉತ್ಪನ್ನವಾಗಿ ಬರುತ್ತದೆ. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟ್‌ನಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚನ್ನು ಆಫ್ರಿಕಾದ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ ಒಂದೇ ಕೊಡುತ್ತದೆ. ಅಲ್ಲಿನದು ತಾಮ್ರದ ಅದಿರೇ. ಆದ್ದರಿಂದ ತಾಮ್ರ ಇರುವಲ್ಲಿ ಕೋಬಾಲ್ಟ್ ಹುಡುಕುವುದು ಮೂರ್ಖತನವಲ್ಲ. ಆದರೆ ತಾಮ್ರ ಇರುವಲ್ಲೆಲ್ಲ ಲಾಭದ ಕೋಬಾಲ್ಟ್ ಇರುತ್ತದೆ ಎಂಬುದು ತಪ್ಪು.

‘ಇದೆ’ ಎಂದರೆ ಎಷ್ಟು?

ಭೂಮಿಯ ಹೊರಪದರದ ಕಲ್ಲಿನಲ್ಲಿ ಸರಾಸರಿ 25 ಪಿಪಿಎಂನಷ್ಟು, ಅಂದರೆ ಒಂದು ಟನ್‌ಗೆ ಸುಮಾರು 25 ಗ್ರಾಂ ಕೋಬಾಲ್ಟ್ ಇರುತ್ತದೆ. ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ಇದಕ್ಕಿಂತ ಹೆಚ್ಚು. ಮಧುಗಿರಿಯ ಏಕಶಿಲಾ ಬೆಟ್ಟದಂಥ ಗ್ರಾನೈಟ್ ಜಾತಿಯ ಕಲ್ಲಿನಲ್ಲಿ ಬಹಳ ಕಡಿಮೆ. ಪ್ರಯೋಗಾಲಯಕ್ಕೆ ಯಾವ ಕಲ್ಲು ಕಳುಹಿಸಿದರೂ ವರದಿಯಲ್ಲಿ ಕೋಬಾಲ್ಟ್‌ನ ಒಂದಿಷ್ಟು ಅಂಕಿ ಬರುತ್ತದೆ. ಹಾಗಾಗಿ ‘ಕೋಬಾಲ್ಟ್ ಪತ್ತೆ’ ಎಂಬ ಮಾತು ಸುಳ್ಳಾಗಿರಬೇಕಿಲ್ಲ, ಆದರೆ ಅದಕ್ಕೆ ಅರ್ಥವೂ ಇರಬೇಕಿಲ್ಲ. ಕಾಂಗೊದ ಒಳ್ಳೆಯ ಗಣಿಗಳ ಅದಿರಿನಲ್ಲಿ ಕೋಬಾಲ್ಟ್ ಸಾಮಾನ್ಯವಾಗಿ 3,000 ಪಿಪಿಎಂ ದಾಟುತ್ತದೆ. ಇನ್ನೂರು, ಮುನ್ನೂರು ಎಂಬ ಅಂಕಿ ಕಂಡಾಗ ಇದನ್ನು ಪಕ್ಕದಲ್ಲಿಟ್ಟು ನೋಡಬೇಕು.

ನಮ್ಮ ಹತ್ತಿರದ ಉದಾಹರಣೆ: ಇಂಗಳದಾಳ್

ಚಿತ್ರದುರ್ಗದ ಪಕ್ಕದ ಇಂಗಳದಾಳ್‌ನಲ್ಲಿ ತಾಮ್ರದ ಗಣಿ ಇತ್ತು. ಅದನ್ನು ನಡೆಸಿದ್ದು ಚಿತ್ರದುರ್ಗ ಕಾಪರ್ ಕಂಪನಿ, ಬಳಿಕ ಹಟ್ಟಿ ಚಿನ್ನದ ಗಣಿ ಕಂಪನಿ. ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯ ಚಿನ್ನದ ಗಣಿಯೂ ಇದೇ ಹಟ್ಟಿ ಕಂಪನಿಯ ಚಿತ್ರದುರ್ಗ ಘಟಕಕ್ಕೆ ಸೇರಿತ್ತು. ಎರಡೂ ಚಿತ್ರದುರ್ಗ ಶಿಸ್ಟ್ ಪಟ್ಟಿ ಎಂದು ಭೂವಿಜ್ಞಾನಿಗಳು ಕರೆಯುವ ಹಳೆಯ ಕಲ್ಲಿನ ಸಾಲಿನಲ್ಲಿವೆ.

ಇಂಗಳದಾಳ್‌ನ ಅದಿರು ಮತ್ತು ಸುತ್ತಲಿನ ಕಲ್ಲಿನಲ್ಲಿ ತಾಮ್ರ, ಕೋಬಾಲ್ಟ್, ನಿಕ್ಕಲ್ ಹೇಗೆ ಹಂಚಿಹೋಗಿವೆ ಎಂಬ ಬಗ್ಗೆ 1979ರಲ್ಲೇ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಧ್ಯಯನ ಪ್ರಕಟವಾಗಿದೆ. ವಿಜ್ಞಾನಿಗಳು ಇಂಥ ಅಳತೆ ಮಾಡುವುದು ಹಣಕ್ಕಾಗಿಯಲ್ಲ. ಪೈರೈಟ್ ಎಂಬ ಖನಿಜದಲ್ಲಿ ನಿಕ್ಕಲ್‌ಗಿಂತ ಕೋಬಾಲ್ಟ್ ಹೆಚ್ಚಿದ್ದರೆ ಆ ಅದಿರು ಜ್ವಾಲಾಮುಖಿ ಅಥವಾ ಬಿಸಿನೀರಿನ ದ್ರವಗಳಿಂದ ಹುಟ್ಟಿರಬಹುದು, ಕಡಿಮೆಯಿದ್ದರೆ ಕೆಸರಿನ ಪದರಗಳಲ್ಲಿ ಹುಟ್ಟಿರಬಹುದು ಎಂದು ಊಹಿಸಲು ಅದು ಸಹಾಯಕ. ಅಂದರೆ ಕೋಬಾಲ್ಟ್ ಅಳತೆ ಇಲ್ಲಿ ಅದಿರಿನ ಜಾತಕ ಬರೆಯುವ ಸಾಧನ. ಅದನ್ನೇ ‘ಕೋಬಾಲ್ಟ್ ನಿಧಿ’ ಎಂದು ಓದಿಕೊಂಡರೆ ಎಡವಟ್ಟಾಗುತ್ತದೆ.

ಇನ್ನೊಂದು ವಿಷಯ. ಹಟ್ಟಿ ಕರ್ನಾಟಕ ಸರ್ಕಾರದ ಕಂಪನಿ, ಅದರ ಷೇರು ಪೇಟೆಯಲ್ಲಿ ಸಿಗುವುದಿಲ್ಲ. ಇಂಗಳದಾಳ್ ಹೆಸರು ಹೇಳಿ ಯಾರಾದರೂ ‘ಹಟ್ಟಿ ಷೇರು’ ಕೊಡಿಸುತ್ತೇನೆ ಎಂದರೆ ಅಲ್ಲೇ ಎಚ್ಚರವಾಗಬೇಕು.

ಯಾವ ಖನಿಜದೊಳಗಿದೆ?

ಎಷ್ಟಿದೆ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ತಾಮ್ರ ಸಾಮಾನ್ಯವಾಗಿ ಕ್ಯಾಲ್ಕೊಪೈರೈಟ್ ಎಂಬ ಖನಿಜದಲ್ಲಿರುತ್ತದೆ. ಅದಿರನ್ನು ಪುಡಿ ಮಾಡಿ, ನೀರಿಗೆ ರಾಸಾಯನಿಕ ಬೆರೆಸಿ, ಗುಳ್ಳೆ ಎಬ್ಬಿಸಿ ಕ್ಯಾಲ್ಕೊಪೈರೈಟನ್ನು ತೇಲಿಸಿ ತೆಗೆಯುತ್ತಾರೆ. ಕೋಬಾಲ್ಟ್ ಪೈರೈಟ್‌ನೊಳಗೆ ಅಡಗಿದ್ದರೆ ಅದು ತಾಮ್ರದ ಜೊತೆ ತೇಲಿಬರುವುದಿಲ್ಲ, ಗಣಿತ್ಯಾಜ್ಯದ ಗುಡ್ಡೆ ಸೇರುತ್ತದೆ. ಕೋಬಾಲ್ಟೈಟ್ ಎಂಬ ಖನಿಜದಲ್ಲಿದ್ದರೆ ಜೊತೆಗೆ ಆರ್ಸೆನಿಕ್ ವಿಷವೂ ಇರುತ್ತದೆ, ಅದರ ವಿಲೇವಾರಿಗೆ ಬೇರೆ ಖರ್ಚು. ಅಲ್ಪಸ್ವಲ್ಪ ಕೋಬಾಲ್ಟ್ ತಾಮ್ರದ ಪುಡಿಯೊಂದಿಗೆ ಹೋದರೂ ಕರಗಿಸುವ ಕಾರ್ಖಾನೆಗಳು ಸಾಮಾನ್ಯವಾಗಿ ಅದಕ್ಕೆ ಹಣ ಕೊಡುವುದಿಲ್ಲ. ಅದು ಕಿಟ್ಟದಲ್ಲಿ ಉಳಿದುಬಿಡುತ್ತದೆ.

ತ್ಯಾಜ್ಯದಿಂದ ತೆಗೆಯಲು ಸಾಧ್ಯವೇ ಇಲ್ಲವೆಂದಲ್ಲ. ಉಗಾಂಡಾದ ಕಿಲೆಂಬೆ ತಾಮ್ರದ ಗಣಿ 1982ರ ಸುಮಾರಿಗೆ ನಿಂತಾಗ ಕೋಬಾಲ್ಟ್ ತುಂಬಿದ ಪೈರೈಟ್‌ನ ದೊಡ್ಡ ರಾಶಿ ಹೊರಗೆ ಉಳಿದಿತ್ತು. ಮಳೆ ಬಿದ್ದಾಗಲೆಲ್ಲ ಅದರಿಂದ ಆಮ್ಲ ಹರಿದು ಪಕ್ಕದ ರಾಷ್ಟ್ರೀಯ ಉದ್ಯಾನದ ನೆಲ ಕೆಡುತ್ತಿತ್ತು. 1999ರಿಂದ ಒಂದು ಕಂಪನಿ ಬ್ಯಾಕ್ಟೀರಿಯಾಗಳ ನೆರವಿನಿಂದ ಆ ಪೈರೈಟನ್ನು ಕರಗಿಸಿ ಕೋಬಾಲ್ಟ್ ತೆಗೆಯಿತು. ಆದರೆ ಆ ರಾಶಿಯಲ್ಲಿ ಕೋಬಾಲ್ಟ್ ಪ್ರಮಾಣ ಶೇ 1ಕ್ಕಿಂತ ಹೆಚ್ಚಿತ್ತು, ತೋಡುವ ಮತ್ತು ಪುಡಿ ಮಾಡುವ ಖರ್ಚನ್ನು ಹಳೆಯ ಗಣಿಯೇ ಭರಿಸಿಯಾಗಿತ್ತು.

ಒಂದು ಟನ್ ಅದಿರಿನ ಲೆಕ್ಕ

ಲೆಕ್ಕ ಅರ್ಥವಾಗಲೆಂದು ದುಂಡು ಅಂಕಿಗಳನ್ನು ಹಿಡಿಯೋಣ. ಅದಿರಿನಲ್ಲಿ ತಾಮ್ರ ಶೇ 1, ಅಂದರೆ ಟನ್‌ಗೆ 10 ಕೆ.ಜಿ. ಅದರಲ್ಲಿ 9 ಕೆ.ಜಿ. ಕೈಗೆ ಸಿಕ್ಕಿತು, ಕೆ.ಜಿ.ಗೆ 800 ರೂಪಾಯಿ ಎಂದುಕೊಂಡರೆ 7,200 ರೂಪಾಯಿ. ಕೋಬಾಲ್ಟ್ 200 ಪಿಪಿಎಂ, ಅಂದರೆ 200 ಗ್ರಾಂ. ಅರ್ಧ ಕೈಗೆ ಸಿಕ್ಕಿತು, ಕೆ.ಜಿ.ಗೆ 2,500 ರೂಪಾಯಿ ಎಂದುಕೊಂಡರೆ ಬರುವುದು 250 ರೂಪಾಯಿ. ತಾಮ್ರದ ಆದಾಯದ ಶೇ 4ರಷ್ಟೂ ಆಗಲಿಲ್ಲ. ಇದರಲ್ಲಿ ಕೋಬಾಲ್ಟ್ ಬೇರ್ಪಡಿಸುವ ಹೊಸ ಘಟಕದ ಖರ್ಚು ಇನ್ನೂ ಕಳೆದಿಲ್ಲ. ತಾಮ್ರದಿಂದಲೇ ಗಣಿ ನಡೆಯದಿದ್ದರೆ ಈ ಕೋಬಾಲ್ಟ್ ಅದನ್ನು ಉಳಿಸುವುದಿಲ್ಲ.

ಅಂದಾಜು ಎಂಬುದು ಎಷ್ಟು ಗಟ್ಟಿ?

ನಮ್ಮ ದೇಶದಲ್ಲಿ ಖನಿಜ ಶೋಧನೆಗೆ ನಾಲ್ಕು ಹಂತಗಳಿವೆ. ಜಿ4 ಮೇಲ್ನೋಟದ ಸಮೀಕ್ಷೆ, ಜಿ3 ಪ್ರಾಥಮಿಕ ಶೋಧನೆ, ಜಿ2 ಸಾಮಾನ್ಯ ಶೋಧನೆ, ಜಿ1 ವಿವರವಾದ ಶೋಧನೆ. ಹತ್ತಿರ ಹತ್ತಿರ ಕೊಳವೆ ಕೊರೆದು ನೋಡಿದಷ್ಟೂ ಅಂಕಿ ಗಟ್ಟಿಯಾಗುತ್ತದೆ. ಮಂಡ್ಯ ಜಿಲ್ಲೆಯ ಮರ್ಲಗಲ್ಲದ ಲಿಥಿಯಂ ಕಥೆ ನೆನಪಿಸಿಕೊಳ್ಳಿ. 2020ರಲ್ಲಿ 14,100 ಟನ್ ಎಂಬ ಸುದ್ದಿ ದೇಶವೆಲ್ಲ ಹಬ್ಬಿತು. 2021ರಲ್ಲಿ ಪರಮಾಣು ಖನಿಜ ನಿರ್ದೇಶನಾಲಯದ ಅಧಿಕೃತ ಅಂದಾಜು 1,600 ಟನ್‌ಗೆ ಇಳಿಯಿತು, ಅದೂ ಜಿ3 ಹಂತದ್ದು. ಯಾರೂ ಮೋಸ ಮಾಡದೆಯೇ ಮೊದಲ ಅಂಕಿ ಇಷ್ಟು ಕರಗಬಹುದು.

ಇನ್ನೊಂದು ಗೊಂದಲ ‘ಸಂಪನ್ಮೂಲ’ ಮತ್ತು ‘ಮೀಸಲು’ ಎಂಬ ಪದಗಳದು. ನೆಲದಲ್ಲಿ ಇದೆ ಎಂದು ಅಂದಾಜಿಸಿದ್ದು ಸಂಪನ್ಮೂಲ. ಲಾಭದಲ್ಲಿ ತೆಗೆಯಬಹುದು ಎಂದು ಲೆಕ್ಕ ತೋರಿಸಿದ್ದು ಮಾತ್ರ ಮೀಸಲು. ಒಡಿಶಾ, ಜಾರ್ಖಂಡ್, ನಾಗಾಲ್ಯಾಂಡ್‌ಗಳಲ್ಲಿ ಕೋಬಾಲ್ಟ್ ಇರುವ ಸುಮಾರು 4.5 ಕೋಟಿ ಟನ್ ಅದಿರು ಭಾರತದ ಸಂಪನ್ಮೂಲ ಪಟ್ಟಿಯಲ್ಲಿದೆ. ಹಾಗಿದ್ದರೂ ದೇಶದಲ್ಲಿ ಅದಿರಿನಿಂದ ಕೋಬಾಲ್ಟ್ ಉತ್ಪಾದನೆ ಇಲ್ಲ, ಬೇಕಾದ್ದನ್ನು ಆಮದು ಮಾಡಿಕೊಳ್ಳುತ್ತೇವೆ.

ಬೆಲೆಯ ಏರಿಳಿತ

2018ರಲ್ಲಿ ಕೋಬಾಲ್ಟ್ ಬೆಲೆ ಟನ್‌ಗೆ 90,000 ಡಾಲರ್ ದಾಟಿತ್ತು. ಮರುವರ್ಷವೇ ಅದು ಮೂರನೇ ಒಂದು ಭಾಗಕ್ಕೆ ಕುಸಿಯಿತು. 2022ರಲ್ಲಿ ಮತ್ತೆ ಏರಿ, 2025ರ ಆರಂಭಕ್ಕೆ ಮತ್ತೆ ನೆಲ ಕಚ್ಚಿತು. ಆಗ ಕಾಂಗೊ ಸರ್ಕಾರ ರಫ್ತನ್ನೇ ನಿಲ್ಲಿಸಿದ್ದರಿಂದ ಬೆಲೆ ಪುನಃ ಏರಿತು. ಅಮೆರಿಕದ ಐಡಾಹೊದಲ್ಲಿ ಜೆರ್ವೋಯ್ಸ್ ಕಂಪನಿ ಕೋಬಾಲ್ಟ್ ಗಣಿಯ ಕೆಲಸವನ್ನು 2023ರಲ್ಲಿ ಅರ್ಧದಲ್ಲೇ ನಿಲ್ಲಿಸಬೇಕಾಯಿತು, ಕಾರಣ ಬೆಲೆ ಕುಸಿತ.

ಬೇಡಿಕೆಯ ಕಥೆಯೂ ಬದಲಾಗುತ್ತಿದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಕೋಬಾಲ್ಟ್ ಇರುವುದಿಲ್ಲ. ಪಾವಗಡದ ಸೋಲಾರ್ ಪಾರ್ಕ್‌ನಂಥ ಕಡೆ ವಿದ್ಯುತ್ ಶೇಖರಿಸಲು ಇಂದು ಜಗತ್ತಿನಾದ್ಯಂತ ಹೆಚ್ಚಾಗಿ ಬಳಸುವುದು ಇದನ್ನೇ. ‘ಸೋಲಾರ್ ಬಂದಷ್ಟೂ ಕೋಬಾಲ್ಟ್ ಬೇಕು’ ಎಂಬ ವಾದ ಆದ್ದರಿಂದ ನೇರವಾಗಿ ನಿಲ್ಲುವುದಿಲ್ಲ.

ಹಾಗಾದರೆ ಏನು ಕೇಳಬೇಕು?

ಕಂಪನಿ ಷೇರು ವಿನಿಮಯ ಕೇಂದ್ರಕ್ಕೆ ಕೊಟ್ಟ ಪ್ರಕಟಣೆಯನ್ನೇ ತೆರೆದು ಈ ಉತ್ತರಗಳನ್ನು ಹುಡುಕಿ:

1. ಕೋಬಾಲ್ಟ್ ಎಷ್ಟು ಪಿಪಿಎಂ, ಎಷ್ಟು ಮೀಟರ್ ಉದ್ದದ ಕೊರೆತದಲ್ಲಿ? ಒಂದೇ ಕಲ್ಲಿನ ತುಣುಕಿನದೇ?
2. ಅದು ಯಾವ ಖನಿಜದಲ್ಲಿದೆ? ಬೇರ್ಪಡಿಸುವ ಪರೀಕ್ಷೆ ನಡೆದಿದೆಯೇ, ಶೇಕಡಾ ಎಷ್ಟು ಸಿಕ್ಕಿತು?
3. ಶೋಧನೆ ಯಾವ ಹಂತದಲ್ಲಿದೆ, ಜಿ4 ಅಥವಾ ಜಿ1?
4. ಕೋಬಾಲ್ಟ್ ಕೊಳ್ಳುವವರು ಯಾರು, ಅದಕ್ಕೆ ಹಣ ಕೊಡುತ್ತಾರೆಯೇ?
5. ತೆಗೆಯುವ ಹಕ್ಕು ಇದೆಯೇ? 2023ರ ತಿದ್ದುಪಡಿಯ ನಂತರ ಕೋಬಾಲ್ಟ್ ಸೇರಿ 24 ನಿರ್ಣಾಯಕ ಖನಿಜಗಳ ಹರಾಜು ಕೇಂದ್ರ ಸರ್ಕಾರದ ಕೈಯಲ್ಲಿದೆ. ತಾಮ್ರದ ಗುತ್ತಿಗೆಗೆ ಕೋಬಾಲ್ಟ್ ಸೇರಿಸಿಕೊಳ್ಳಲು ಅರ್ಜಿ ಹಾಕಬೇಕು.
6. ಕೋಬಾಲ್ಟ್ ಇಲ್ಲವೆಂದೇ ಇಟ್ಟುಕೊಂಡರೆ ತಾಮ್ರದಿಂದ ಮಾತ್ರ ಈ ಗಣಿ ಲಾಭ ಕೊಡುತ್ತದೆಯೇ?

ಕೊನೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಸಿಕ್ಕರೆ ಕೋಬಾಲ್ಟ್ ಮೇಲಿನ ಲಾಭ. ‘ಇಲ್ಲ’ ಎಂದಾದರೆ ನೀವು ಕೊಳ್ಳುತ್ತಿರುವುದು ಗಣಿಯನ್ನಲ್ಲ, ಬರೀ ನಿರೀಕ್ಷೆಯನ್ನು. ನಿರೀಕ್ಷೆಗೆ ಹಣ ಹಾಕುವುದು ಅಪರಾಧವೇನಲ್ಲ. ಆದರೆ ಮುಂದಿನ ಬಿತ್ತನೆಗೆ ಇಟ್ಟ ಹಣ, ಮಗಳ ಶಾಲೆ ಶುಲ್ಕದ ಹಣ ಅದಕ್ಕೆ ಹೋಗಬಾರದು.