ಚಪ್ಪಲಿ ಕಚ್ಚಿದ ಮರಿಯದ್ದೇನು ತಪ್ಪು?

ಬಿಟಿಎಂ ಲೇಔಟಿನ ನಮ್ಮ ಬಾಡಿಗೆ ಮನೆಯ ಕೆಳಗಿನವರು ಮೊನ್ನೆ ನಾಯಿಮರಿ ಎತ್ತಿಕೊಂಡು ಮೇಲೆ ಬಂದರು. ‘ನಿಮ್ಮೂರಲ್ಲಿ ಯಾರಿಗಾದ್ರೂ ಕೊಟ್ಬಿಡಿ ಸಾರ್. ಎರಡು ಜೊತೆ ಚಪ್ಪಲಿ, ಚಾರ್ಜರ್, ಸೋಫಾ ಮೂಲೆ, ಎಲ್ಲಾ ಕಚ್ಚಿ ಹಾಕಿದೆ’ ಅಂದರು. ಮರಿಗೆ ನಾಲ್ಕು ತಿಂಗಳು. ಬಾಯಿ ಬಿಡಿಸಿ ನೋಡಿದರೆ ಮುಂದಿನ ಎರಡು ಹಲ್ಲು ಬಿದ್ದಿದ್ದವು.

ಹಲ್ಲು ಬರುವ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟುಕೊಂಡರೆ ನಾವು ಅದನ್ನು ಮನೆ ಬಿಟ್ಟು ಕಳಿಸುತ್ತೇವೆಯೇ? ನಾಯಿಮರಿಯ 28 ಹಾಲುಹಲ್ಲುಗಳು ಮೂರು-ನಾಲ್ಕು ತಿಂಗಳಿಗೆ ಬೀಳತೊಡಗುತ್ತವೆ. ಆರೇಳು ತಿಂಗಳ ಹೊತ್ತಿಗೆ 42 ಹಲ್ಲು ಬಂದಿರುತ್ತವೆ. ಅಲ್ಲಿಯವರೆಗೆ ಒಸಡು ನೋಯುತ್ತದೆ, ಕಚ್ಚಿದರೆ ಹಾಯೆನಿಸುತ್ತದೆ.

ನಮ್ಮ ಹಳ್ಳಿ ಮನೆಗಳಲ್ಲೂ ಮರಿಗಳು ಕಚ್ಚುತ್ತಿದ್ದವು. ಆದರೆ ಅಂಗಳದಲ್ಲಿ ತೆಂಗಿನ ಮಟ್ಟೆ, ಕಟ್ಟಿಗೆ ಚೂರು, ಹಳೇ ಹಗ್ಗ ಇರುತ್ತಿತ್ತು. ಆಟಕ್ಕೆ ಒಡಹುಟ್ಟಿದವು ಇರುತ್ತಿದ್ದವು. ಜೋರಾಗಿ ಕಚ್ಚಿಸಿಕೊಂಡ ಮರಿ ಕುಂಯ್ ಎಂದು ಆಟ ಬಿಟ್ಟು ಹೋಗುತ್ತಿತ್ತು. ಎಷ್ಟು ಕಚ್ಚಬೇಕೆಂಬ ಪಾಠ ಅಲ್ಲೇ ಆಗುತ್ತಿತ್ತು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ಕೇಂದ್ರದ 2017ರ ನಿಯಮ ಇರುವುದು ಸುಮ್ಮನೆ ಅಲ್ಲ.

ಜಯನಗರ, ಜೆಪಿ ನಗರದ ಫ್ಲ್ಯಾಟುಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿ ಸಂಜೆ ಏಳಕ್ಕೆ ಬರುವವರ ಮರಿಗೆ ಸಿಗುವುದೇನು? ಚಪ್ಪಲಿ, ವೈರು, ಬೇಸರ. ಸಂಜೆ ಬಂದು ಹೊಡೆದರೆ ಬೆಳಿಗ್ಗೆ ಕಚ್ಚಿದ್ದಕ್ಕೆ ಈ ಏಟು ಎಂದು ಅದಕ್ಕೆ ತಿಳಿಯುವುದಿಲ್ಲ. ನಿಮ್ಮನ್ನು ಕಂಡರೆ ಹೆದರುವುದನ್ನಷ್ಟೇ ಕಲಿಯುತ್ತದೆ.

ಮಾಡಬೇಕಾದ್ದು ದೊಡ್ಡದೇನಲ್ಲ. ಚಪ್ಪಲಿ, ವೈರು ಎತ್ತಿಡಿ. ನೀವು ಎದುರಿಗಿದ್ದಾಗ ತಣ್ಣಗಿನ ಕ್ಯಾರೆಟ್ಟನ್ನೋ ಒದ್ದೆ ಮಾಡಿ ಫ್ರೀಜರಿನಲ್ಲಿಟ್ಟ ಬಟ್ಟೆಯ ಗಂಟನ್ನೋ ಕೊಡಿ. ಹಳೇ ಚಪ್ಪಲಿ ಕೊಡಬೇಡಿ, ಹಳೇದು ಹೊಸದು ಅದಕ್ಕೆ ಒಂದೇ. ಬೇಯಿಸಿದ ಕೋಳಿ ಮೂಳೆ ಸಿಗಿದು ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ, ಅದೂ ಬೇಡ. ಕಚ್ಚಬಾರದ್ದನ್ನು ಕಚ್ಚಿದರೆ ಕಿತ್ತುಕೊಳ್ಳದೆ ಬೇರೊಂದನ್ನು ಕೊಟ್ಟು ಬಿಡಿಸಿ. ಹಗಲಲ್ಲಿ ಒಮ್ಮೆಯಾದರೂ ಯಾರಾದರೂ ಬಂದು ಆಡಿಸಲಿ. ಇದಕ್ಕೂ ಪುರುಸೊತ್ತಿಲ್ಲದವರು ಮರಿ ತರಲೇಬಾರದು.

ಹಳ್ಳಿ ಎಂದರೆ ನಗರಕ್ಕೆ ಬೇಡವಾದ ನಾಯಿಗಳ ಗೋದಾಮಲ್ಲ. ಸೋಫಾ ಮೇಲೆ ಬೆಳೆದ ಮರಿಯನ್ನು ಊರ ನಾಯಿಗಳು ಸೇರಿಸಿಕೊಳ್ಳುವುದಿಲ್ಲ. ಬೀದಿಗೆ ಬಿಟ್ಟು ಹಸಿವಿಗೆ ದೂಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಕೆಳಗಿನವರಿಗೆ ಇಷ್ಟನ್ನೇ ಹೇಳಿ, ಇನ್ನು ಮೂರು ತಿಂಗಳು ತಡೆಯಿರಿ ಅಂದೆ. ಮರಿ ಇನ್ನೂ ಅಲ್ಲೇ ಇದೆ. ಚಪ್ಪಲಿ ಸ್ಟ್ಯಾಂಡಿಗೆ ಬಾಗಿಲು ಬಂದಿದೆ.