ಚಾಂಪಿಯನ್ನರು ಮತ್ತೆ ಒಂದನೇ ಕ್ಲಾಸಿಗೆ

ಮಕ್ಕಳೇ, ಒಂದು ರೇಸ್ ಕಾರಿನ ಚಿತ್ರ ಬರೆಯಿರಿ ಅಂದರೆ ನಿಮ್ಮಲ್ಲಿ ಹೆಚ್ಚಿನವರು ಏನು ಬರೆಯುತ್ತೀರಿ ಅಂತ ನನಗೆ ಗೊತ್ತು. ಬಾಣದಂಥ ಮೂತಿ, ಹಿಂದೆ ಮುಂದೆ ರೆಕ್ಕೆ, ನಾಲ್ಕು ಗಾಲಿಗಳೂ ಮೈಯಿಂದ ಹೊರಗೆ. ಫಾರ್ಮುಲಾ ಒನ್ ಕಾರು ಇರುವುದೇ ಹಾಗೆ. ಅಮೆರಿಕದ ಇಂಡಿಕಾರ್ ಕೂಡ ಅದೇ ಜಾತಿ. ಗಾಲಿಗೆ ಮುಚ್ಚಳವಿಲ್ಲದ್ದರಿಂದ ಇವನ್ನು ‘ಓಪನ್ ವ್ಹೀಲ್’ ಕಾರು ಅನ್ನುತ್ತಾರೆ.

ಅಮೆರಿಕದಲ್ಲಿ ಇನ್ನೊಂದು ಜಾತಿಯ ರೇಸೂ ಇದೆ. ಅದರ ಹೆಸರು ನ್ಯಾಸ್ಕಾರ್, ಅಲ್ಲಿ ಓಡುವುದು ‘ಸ್ಟಾಕ್ ಕಾರು’. ಬಿ.ಕಾಂ. ಓದಿದ ನನಗೆ ಸ್ಟಾಕ್ ಅಂದರೆ ಅಂಗಡಿಯಲ್ಲಿ ಮಾರಲು ಇಟ್ಟ ಸರಕು. ಇಲ್ಲಿಯೂ ಅರ್ಥ ಅದೇ! 1949ರಲ್ಲಿ ಈ ಪಂದ್ಯ ಶುರುವಾದಾಗ, ಷೋರೂಮಿನಲ್ಲಿ ಸಿಗುವ ಕಾರನ್ನು ಹೆಚ್ಚು ಬದಲಾಯಿಸದೆ ಓಡಿಸಬೇಕಿತ್ತು. ಈಗ ಹೊರಗಿನ ಆಕಾರ ಮಾತ್ರ ಬೀದಿಯ ಕಾರಿನದು, ಒಳಗೆ ಉಕ್ಕಿನ ಕೊಳವೆಗಳ ಪಂಜರ.

ಒಂದರಲ್ಲಿ ಗೆದ್ದವನು ಇನ್ನೊಂದರಲ್ಲಿಯೂ ಗೆಲ್ಲುತ್ತಾನೆಯೇ? ಸ್ಟೀರಿಂಗು ಒಂದೇ, ಬ್ರೇಕು ಒಂದೇ ಅಲ್ಲವೇ ಅಂತ ನೀವು ಕೇಳಬಹುದು. ಕೊಲಂಬಿಯಾ ದೇಶದ ಹುವಾನ್ ಪಾಬ್ಲೊ ಮೊಂಟೊಯಾನ ಕಥೆ ಕೇಳಿ.

ಆತ 2000ನೇ ಇಸವಿಯಲ್ಲಿ ಇಂಡಿಯಾನಾಪೊಲಿಸ್‌ನ ಪ್ರಸಿದ್ಧ 500 ಮೈಲಿ ಪಂದ್ಯವನ್ನು ಮೊದಲ ಪ್ರಯತ್ನದಲ್ಲೇ ಗೆದ್ದ. ಮರುವರ್ಷ ಫಾರ್ಮುಲಾ ಒನ್‌ಗೆ ಹೋದ. ಅಲ್ಲಿ ಏಳು ಪಂದ್ಯ ಗೆದ್ದ. 2003ರ ಮೊನಾಕೊ ಪಂದ್ಯವೂ ಅದರಲ್ಲಿ ಸೇರಿತ್ತು. 2006ರ ಜುಲೈನಲ್ಲಿ ಎಲ್ಲರೂ ಬೆರಗಾಗುವಂತೆ, ಮುಂದಿನ ವರ್ಷದಿಂದ ನಾನು ಸ್ಟಾಕ್ ಕಾರು ಓಡಿಸುತ್ತೇನೆ ಎಂದ. ಅಯ್ಯೋ, ಮೇಲಿನ ಮೆಟ್ಟಿಲಿಂದ ಕೆಳಗಿಳಿದ ಅಂತ ಹಲವರಿಗೆ ಅನ್ನಿಸಿತು. ನನಗೆ ಹಾಗನ್ನಿಸುವುದಿಲ್ಲ. ಅದು ಬೇರೆಯೇ ಮೆಟ್ಟಿಲು.

ಯಾಕೆ ಅನ್ನುತ್ತೇನೆ ನೋಡಿ. ಆಗಿನ ಫಾರ್ಮುಲಾ ಒನ್ ಕಾರು ಚಾಲಕನನ್ನೂ ಸೇರಿಸಿ ಸುಮಾರು 600 ಕಿಲೋ. ಸ್ಟಾಕ್ ಕಾರು ಒಂದೂವರೆ ಟನ್ನಿಗೂ ಹೆಚ್ಚು. ಫಾರ್ಮುಲಾ ಒನ್‌ನಲ್ಲಿ ವೇಗ ಹೆಚ್ಚಿದಷ್ಟೂ ರೆಕ್ಕೆಗಳ ಮೇಲೆ ಹರಿಯುವ ಗಾಳಿ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಹಾಗಾಗಿ ತಿರುವಿನಲ್ಲಿ ಧೈರ್ಯವಾಗಿ ನುಗ್ಗಬಹುದು. ಸ್ಟಾಕ್ ಕಾರಿನಲ್ಲಿ ಆ ಒತ್ತು ತುಂಬ ಕಡಿಮೆ. ಹಾಗೆ ನುಗ್ಗಿದರೆ ಅದು ಜಾರಿ ಗೋಡೆಗೆ ಹೋಗುತ್ತದೆ. ಬೇಗ ಬ್ರೇಕ್ ಹಾಕಬೇಕು, ಮೆಲ್ಲಗೆ ಒಲಿಸಿಕೊಳ್ಳಬೇಕು. ಸೈಕಲ್ ಓಡಿಸುತ್ತಿದ್ದವನನ್ನು ಕಬ್ಬು ತುಂಬಿದ ಎತ್ತಿನಗಾಡಿಯ ಮೇಲೆ ಕೂರಿಸಿದ ಹಾಗೆ.

ಇನ್ನೊಂದು ವಿಷಯ. ಓಪನ್ ವ್ಹೀಲ್‌ನಲ್ಲಿ ಗಾಲಿಗೆ ಗಾಲಿ ತಾಗಿದರೆ ಕಾರು ಮೇಲಕ್ಕೆ ಹಾರಬಹುದು. ಅದಕ್ಕೇ ಚಿಕ್ಕಂದಿನಿಂದ ದೂರ ಕಾಯ್ದುಕೊಳ್ಳುವುದನ್ನು ಕಲಿಸುತ್ತಾರೆ. ಸ್ಟಾಕ್ ಕಾರುಗಳೋ, ಜಾತ್ರೆಯ ಜನರ ಹಾಗೆ ಮೈಗೆ ಮೈ ಉಜ್ಜಿಕೊಂಡೇ ಓಡುತ್ತವೆ. ಹಿಂದಿನವನು ಮುಂದಿನವನ ಬೆನ್ನಿಗೆ ಬಂಪರ್ ಒತ್ತಿ ತಳ್ಳುವುದೂ ಉಂಟು. ಪಕ್ಕದಲ್ಲಿ ಯಾರಿದ್ದಾರೆ ಅಂತ ಒಳಗೆ ಕೂತವನಿಗೆ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಎತ್ತರದಲ್ಲಿ ನಿಂತ ಒಬ್ಬ ಸಹಾಯಕ ರೇಡಿಯೋದಲ್ಲಿ ಹೇಳುತ್ತಲೇ ಇರುತ್ತಾನೆ. ಬಸ್ಸು ಹಿಂದೆ ಬರುವಾಗ ನಮ್ಮ ಕಂಡಕ್ಟರ್ ಹಿಂಬದಿ ತಟ್ಟಿ ‘ಬರ್ಲಿ ಬರ್ಲಿ, ಹೋಲ್ಡಾನ್’ ಅನ್ನುವುದಿಲ್ಲವೇ, ಹಾಗೆ. ಇಷ್ಟು ವರ್ಷ ತನ್ನ ಕಣ್ಣನ್ನೇ ನಂಬಿದ ಚಾಲಕ, ಈಗ ಇನ್ನೊಬ್ಬನ ಕಣ್ಣು ನಂಬಬೇಕು.

ಇಲ್ಲಿ ಕಷ್ಟವಾದದ್ದು ಹೊಸದನ್ನು ಕಲಿಯುವುದಲ್ಲ, ಕೈಗೆ ಹತ್ತಿದ ಹಳೆಯದನ್ನು ಬಿಡಿಸುವುದು. ನಮ್ಮ ಶಾಖೆಗೆ ಕಂಪ್ಯೂಟರ್ ಬಂದ ದಿನಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಲೆಡ್ಜರ್ ಪುಟದ ಮೇಲಿನಿಂದ ಕೆಳಕ್ಕೆ ಬೆರಳಾಡಿಸಿ ಬಾಯಲ್ಲೇ ಮೊತ್ತ ಹೇಳುತ್ತಿದ್ದ ಹಿರಿಯರೊಬ್ಬರು ಕೀಲಿಮಣೆಯಲ್ಲಿ ಒಂದೊಂದೇ ಅಕ್ಷರ ಹುಡುಕುತ್ತಿದ್ದರು. ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದವನಿಗೆ ಅವರ ಮಗನ ವಯಸ್ಸು. ಕೌಂಟರಿನಾಚೆ ಗ್ರಾಹಕರ ಸಾಲು. ಅಜ್ಜ ಅಜ್ಜಿಯರೇ, ಮೊಬೈಲಿನಲ್ಲಿ ಹಣ ಕಳಿಸುವುದನ್ನು ಮೊಮ್ಮಕ್ಕಳಿಂದ ಕಲಿತವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ.

ಮೊಂಟೊಯಾ 2007ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಸೊನೊಮಾದಲ್ಲಿ ಗೆದ್ದ. ಎಡ ಬಲ ತಿರುವುಗಳಿರುವ ಆ ಟ್ರ್ಯಾಕ್ ಅವನಿಗೆ ಪರಿಚಿತ ಬಗೆಯದು. ಆದರೆ ನ್ಯಾಸ್ಕಾರ್‌ನ ಹೆಚ್ಚಿನ ಪಂದ್ಯಗಳು ನಡೆಯುವುದು ಬರೀ ಎಡಕ್ಕೇ ತಿರುಗುವ ಮೊಟ್ಟೆಯಾಕಾರದ ಟ್ರ್ಯಾಕ್‌ಗಳಲ್ಲಿ. ಅಲ್ಲಿ ಗೆಲುವು ಹತ್ತಿರ ಬಂದದ್ದು 2009ರ ಜುಲೈನಲ್ಲಿ, ಅದೇ ಇಂಡಿಯಾನಾಪೊಲಿಸ್‌ನಲ್ಲಿ. 160 ಸುತ್ತುಗಳಲ್ಲಿ 116 ಸುತ್ತು ಅವನೇ ಮುಂದೆ! ಆಮೇಲೆ ಗಾಲಿ ಬದಲಿಸಲು ಪಿಟ್ ಗಲ್ಲಿಗೆ ಬಂದ. ಅಲ್ಲಿನ ವೇಗದ ಮಿತಿ ಗಂಟೆಗೆ 55 ಮೈಲಿ, ಮೇಲೆ 5 ಮೈಲಿ ರಿಯಾಯಿತಿ. ಮಾಪನದಲ್ಲಿ ಬಂದದ್ದು 60ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ದಂಡವಾಗಿ ಮತ್ತೊಮ್ಮೆ ಆ ಗಲ್ಲಿಯಲ್ಲಿ ನಿಧಾನವಾಗಿ ಹಾದು ಹೋಗಬೇಕಾಯಿತು. ಮುಗಿಸಿದ್ದು 11ನೆಯವನಾಗಿ. ಗೆದ್ದಿದ್ದರೆ ಆ ಊರಿನ ಎರಡೂ ದೊಡ್ಡ ಪಂದ್ಯ ಗೆದ್ದ ಮೊದಲಿಗ ಅನ್ನಿಸಿಕೊಳ್ಳುತ್ತಿದ್ದ.

ತಮಾಷೆ ಏನು ಗೊತ್ತೇ? ಆ ಕಾರಿನಲ್ಲಿ ವೇಗ ತೋರಿಸುವ ಮೀಟರೇ ಇರಲಿಲ್ಲ. ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂಬ ಮುಳ್ಳನ್ನು ನೋಡಿ ಲೆಕ್ಕ ಹಾಕಬೇಕು. ಕೂದಲೆಳೆಗಾಗಿ ಇಷ್ಟು ದಂಡವೇ ಅಂತ ನನ್ನ ಮೊಮ್ಮಗ ಸಿಟ್ಟಾದ. ಹತ್ತು ಪೈಸೆ ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಕೂತಿದ್ದ ನನಗೆ ಅದು ನ್ಯಾಯವಾಗಿಯೇ ಕಂಡಿತು!

ಮೊಂಟೊಯಾನ ತಂಡದ ಮಾಲೀಕ ಚಿಪ್ ಗನಾಸಿ 2008ರಲ್ಲಿ ಇನ್ನೊಬ್ಬ ಚಾಂಪಿಯನ್ನನನ್ನೂ ಕರೆತಂದ. ಸ್ಕಾಟ್ಲೆಂಡಿನ ಡಾರಿಯೊ ಫ್ರಾಂಕಿಟಿ. ಹಿಂದಿನ ವರ್ಷವಷ್ಟೇ ಇಂಡಿಯಾನಾಪೊಲಿಸ್ 500 ಮತ್ತು ಇಂಡಿಕಾರ್ ಪಟ್ಟ ಎರಡನ್ನೂ ಗೆದ್ದವನು. ಸ್ಟಾಕ್ ಕಾರಿನಲ್ಲಿ ಹಿಂದಿನ ಸಾಲಲ್ಲೇ ಉಳಿದ, ಅಪಘಾತದಲ್ಲಿ ಕಾಲಿನ ಗೆಣ್ಣು ಮುರಿಯಿತು, ಪ್ರಾಯೋಜಕರಿಲ್ಲದೆ ಜುಲೈ ಹೊತ್ತಿಗೆ ಅವನ ಕಾರೇ ನಿಂತುಹೋಯಿತು. ಹಳೆಯ ಕಾರಿಗೆ ವಾಪಸಾಗಿ 2009, 2010, 2011 ಮೂರೂ ವರ್ಷ ಇಂಡಿಕಾರ್ ಚಾಂಪಿಯನ್ ಆದ.

ಎರಡೂ ಕಡೆ ಪಟ್ಟ ಗೆದ್ದವನೂ ಇದ್ದಾನೆ. ಅಮೆರಿಕದ ಟೋನಿ ಸ್ಟೀವರ್ಟ್ 1997ರ ಇಂಡಿಕಾರ್ ಲೀಗ್ ಚಾಂಪಿಯನ್, ಆಮೇಲೆ ಮೂರು ಸಲ ನ್ಯಾಸ್ಕಾರ್ ಚಾಂಪಿಯನ್. ಆತ ಬೆಳೆದದ್ದೇ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಜಾರುವ ಪುಟ್ಟ ಕಾರುಗಳನ್ನು ಓಡಿಸುತ್ತ. ಜಾರುವುದು ಅವನಿಗೆ ಹೊಸತಾಗಿರಲಿಲ್ಲ.

ಮೊಂಟೊಯಾ ಏಳು ವರ್ಷ ಬಿಡದೆ ಕಲಿತ. 2010ರಲ್ಲಿ ಇನ್ನೊಂದು ಗೆಲುವು ಬಂತು, ಅದೂ ಎಡ ಬಲ ತಿರುವುಗಳ ಟ್ರ್ಯಾಕ್‌ನಲ್ಲೇ. 2012ರಲ್ಲಿ ಡೇಟೋನಾದಲ್ಲಿ ಅವನ ಕಾರಿನ ಹಿಂಭಾಗ ಮುರಿದು, ಟ್ರ್ಯಾಕ್ ಒಣಗಿಸುವ ಜೆಟ್ ಇಂಜಿನ್ನಿನ ಲಾರಿಗೆ ಗುದ್ದಿ ಬೆಂಕಿ ಎದ್ದಿತು. ಇಬ್ಬರು ಚಾಲಕರೂ ಬದುಕಿದರು. ಸುರಿದ ಇಂಧನವನ್ನು ಬಟ್ಟೆ ಒಗೆಯುವ ಸೋಪಿನ ಪುಡಿ ಹಾಕಿ ತೊಳೆದರು ಅಂದರೆ ನಂಬುತ್ತೀರಾ? 2014ರಲ್ಲಿ ಇಂಡಿಕಾರ್‌ಗೆ ಮರಳಿದ. ಮರುವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಶುರುವಿನಲ್ಲೇ ಪೆಟ್ಟು ತಿಂದು 30ನೇ ಸ್ಥಾನಕ್ಕೆ ಬಿದ್ದ. ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ ಪಂದ್ಯ ಗೆದ್ದ. ಮೊದಲ ಗೆಲುವಿಗೂ ಇದಕ್ಕೂ 15 ವರ್ಷ.

ನಮ್ಮ ದೇಶದವನೊಬ್ಬನೂ ಈ ದಾರಿ ತುಳಿದಿದ್ದಾನೆ. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನರೇನ್ ಕಾರ್ತಿಕೇಯನ್, 2010ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಸ್ಕಾರ್‌ನ ಟ್ರಕ್ ಪಂದ್ಯಗಳಲ್ಲಿ ಓಡಿದ. ಮಾರ್ಟಿನ್ಸ್‌ವಿಲ್ ಎಂಬ ಅರ್ಧ ಮೈಲಿಯ ಪುಟಾಣಿ ಟ್ರ್ಯಾಕ್‌ನಲ್ಲಿ ಮೊದಲ ಪಂದ್ಯ, 13ನೇ ಸ್ಥಾನ. ಆ ವರ್ಷ ಅಭಿಮಾನಿಗಳು ವೋಟು ಹಾಕಿ ಟ್ರಕ್ ಸರಣಿಯ ಅತ್ಯಂತ ಜನಪ್ರಿಯ ಚಾಲಕ ಅಂತ ಆರಿಸಿದ್ದು ಅವನನ್ನೇ. ಮರುವರ್ಷ ಮತ್ತೆ ಫಾರ್ಮುಲಾ ಒನ್‌ಗೆ ಬಂದ, ದೆಹಲಿ ಹತ್ತಿರದ ಬುದ್ಧ ಟ್ರ್ಯಾಕ್‌ನಲ್ಲಿ ನಮ್ಮ ದೇಶದ ಮೊದಲ ಗ್ರ್ಯಾನ್ ಪ್ರಿ ಓಡಿದ. 17ನೆಯವನಾಗಿ ಗುರಿ ಮುಟ್ಟಿದ. ಅವನ ಹಿಂದೆ ಬಂದದ್ದು ಅವನದೇ ತಂಡದ ಇನ್ನೊಂದು ಕಾರು.