ತಪ್ಪು ಮರದ್ದಲ್ಲ, ತಿಪ್ಪೆಯದು

ಕಳೆದ ಬೇಸಿಗೆಯಲ್ಲಿ ನೆರೆಮನೆಯವರು ಒಂದು ಅರ್ಜಿ ಹಿಡಿದು ಬಂದರು. ನಮ್ಮ ಬೀದಿಯ ಹೊಂಗೆಮರ ಕಡಿಸಬೇಕೆಂದು ನಗರಸಭೆಗೆ ಬರೆದದ್ದು. "ಟೀಚರೇ, ಕಾಗೆಗಳ ಕಾಟ ತಡೆಯೋಕಾಗ್ತಿಲ್ಲ. ನಿನ್ನೆ ನಮ್ಮ ಸೊಸೆ ತಲೆಗೇ ಕುಕ್ಕಿತು, ಸಹಿ ಹಾಕಿ" ಎಂದರು. ಗೂಡಿನಲ್ಲಿ ಮರಿಗಳಿದ್ದವು. ಮರಿಗಳಿರುವಾಗ ಯಾವ ತಾಯಿ ಸುಮ್ಮನಿದ್ದಾಳು? ನಾನು ಸಹಿ ಹಾಕಲಿಲ್ಲ. ಅವರಿಗೆ ಸಿಟ್ಟು ಬಂತು. ನನಗೂ ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಾಗೆಯ ಬಗ್ಗೆ ನಮಗೆ ಗೊತ್ತಿರುವುದೇ ಕಡಿಮೆ. ಅದು ಬರೀ ಕಪ್ಪು ಎಂದು ವರ್ಷಗಟ್ಟಲೆ ಪಾಠ ಹೇಳಿದವಳು ನಾನೇ. ಕಣ್ಣುಬಿಟ್ಟು ನೋಡಿದರೆ ಊರುಕಾಗೆಯ ಕತ್ತು ಬೂದುಬಣ್ಣ. ಮೈಯೆಲ್ಲ ಕಪ್ಪಾಗಿ ಕೊಕ್ಕು ದಪ್ಪಗಿರುವುದು ಕಾಡುಕಾಗೆ. ತೋಟ, ಕಾಡಂಚು, ಹಳ್ಳಿಗಳಲ್ಲಿ ಅದು ಹೆಚ್ಚು. ಇಂಗ್ಲಿಷ್ ಪದ್ಯಗಳಲ್ಲಿ ಬರುವ 'ರೇವನ್' ಇವೆರಡೂ ಅಲ್ಲ. ಇನ್ನೂ ದೊಡ್ಡದಾದ ಆ ಹಕ್ಕಿ ನಮ್ಮ ದೇಶದಲ್ಲಿ ಹಿಮಾಲಯದಲ್ಲೂ ರಾಜಸ್ಥಾನದ ಕಡೆಯ ಒಣನೆಲದಲ್ಲೂ ಇದೆ; ಕರ್ನಾಟಕದಲ್ಲಿಲ್ಲ.

ಊರುಕಾಗೆಯಾದರೋ ಮನುಷ್ಯರ ಬೆನ್ನುಹತ್ತಿಯೇ ಬದುಕುವ ಹಕ್ಕಿ. ಅನ್ನ, ಹುಳು, ಇಲಿ, ಹಲ್ಲಿ, ಬೇವಿನ ಹಣ್ಣು, ಸತ್ತ ಪ್ರಾಣಿ ಎಲ್ಲವೂ ಅದಕ್ಕೆ ಆಹಾರ. ಬೇರೆ ಹಕ್ಕಿಗಳ ಮೊಟ್ಟೆ, ಮರಿಗಳನ್ನೂ ಕದಿಯುತ್ತದೆ, ಒಪ್ಪಿದೆ. ಆದರೆ ನಮ್ಮ ಬೀದಿಯಲ್ಲಿ ಅದಕ್ಕೆ ದಿನಾ ಬಡಿಸುತ್ತಿರುವವರು ಯಾರು? ಮೂಲೆಯ ತಿಪ್ಪೆಯನ್ನು ನೋಡಿ: ಕಲ್ಯಾಣಮಂಟಪದ ಎಂಜಲೆಲೆ, ಕೋಳಿ ಅಂಗಡಿಯ ಕರುಳು, ನಾವೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದ ಹಳಸಲು ಅನ್ನ. ಹಡಗುಗಳಲ್ಲಿ ಆಫ್ರಿಕದ ಪೂರ್ವ ಕರಾವಳಿ ಸೇರಿದ ಇದೇ ಕಾಗೆ ಅಲ್ಲಿನ ಪೇಟೆಗಳ ಕಸ ತಿಂದು ಎಷ್ಟು ಹೆಚ್ಚಿತೆಂದರೆ, ಹತ್ತು ಲಕ್ಷ ಕಾಗೆಗಳನ್ನು ಕೊಲ್ಲುವುದಾಗಿ 2024ರಲ್ಲಿ ಕೀನ್ಯಾ ಸಾರಿತು. ಕಸ ಹಾಕುವವರು ನಾವು, ಶಿಕ್ಷೆ ಕಾಗೆಗೆ!

ಮರ ಕಡಿದರೆ ಕಾಗೆ ಊರು ಬಿಡುವುದಿಲ್ಲ. ಲೈಟುಕಂಬದ ಮೇಲೆ ತಂತಿಚೂರು ಸೇರಿಸಿ ಗೂಡು ಕಟ್ಟುತ್ತದೆ. ಊಟಕ್ಕೆ ಇದೇ ತಿಪ್ಪೆಗೆ ಬರುತ್ತದೆ. ನಮಗೆ ಹೋಗುವುದು ನೆರಳು ಮಾತ್ರ. ಕೋಗಿಲೆಯೂ ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲೇ ಇಡುತ್ತದೆ. 'ಕುಹೂ' ಎಂದು ಹಾಡುವುದು ಗಂಡು ಕೋಗಿಲೆ. ಮರಿಗೆ ಗುಟುಕು ಕೊಡುವುದು ಕಾಗೆ. ಹಾಡಿದವನಿಗೆ ಹೊಗಳಿಕೆ, ಸಾಕಿದವಳಿಗೆ ಬೈಗುಳ. ಹೆಂಗಸರಾದ ನಮಗಾದರೂ ಇದು ಅರ್ಥವಾಗಬೇಡವೇ?

ಪಿತೃಪಕ್ಷದಲ್ಲಿ ಅದೇ ನೆರೆಮನೆಯವರು ತಾರಸಿಯ ಮೇಲೆ ಎಡೆಯಿಟ್ಟು ಕಾ ಕಾ ಎಂದು ಕರೆದರು. ಮರ ಇನ್ನೂ ಉಳಿದಿತ್ತು, ಕಾಗೆ ಬಂತು. ಅವರು ಕೈಮುಗಿದರು.

ಈಗ ನಾನೂ ಒಂದು ಅರ್ಜಿ ಬರೆದಿದ್ದೇನೆ, ತಿಪ್ಪೆ ತೆಗೆಸಿ ಎಂದು. ಮನೆಮನೆಗೂ ಹೋಗಿ ಬಂದೆ. ಇದುವರೆಗೆ ಅದರಲ್ಲಿರುವುದು ನನ್ನದೊಂದೇ ಸಹಿ.